ಪುಸ್ತಕ ಓದಿಕೊಂಡು ಹೋಗಿ: ಲೇಖಕರನ್ನು ಮಾತಾಡಿಸುವವರಿಗೆ ಒಂದಿಷ್ಟು ದಾರಿ

ಕನ್ನಡದಲ್ಲಿ ಈಗ ಲೇಖಕರ ಸಂದರ್ಶನಕ್ಕೆ ಬರವಿಲ್ಲ. ಯೂಟ್ಯೂಬ್ ತೆರೆದರೆ, ಪಾಡ್‌ಕಾಸ್ಟ್ ಹಾಕಿದರೆ, ಭಾನುವಾರದ ಪುರವಣಿ ತಿರುವಿದರೆ ಯಾರಾದರೊಬ್ಬರು ಮಾತಾಡುತ್ತಿರುತ್ತಾರೆ. ಆದರೆ ಪುಸ್ತಕದ ಒಳಗೆ ಇಳಿಯುವ ಮಾತುಕತೆ ಮಾತ್ರ ಬಹಳ ಕಡಿಮೆ. ಹುಟ್ಟೂರಿನಿಂದ ಶುರು, ಆಮೇಲೆ ಸ್ಫೂರ್ತಿ, ಆಮೇಲೆ ಪ್ರಶಸ್ತಿ ಬಂದಾಗ ಏನನ್ನಿಸಿತು, ಕೊನೆಗೆ ಯುವ ಬರಹಗಾರರಿಗೆ ಒಂದು ಕಿವಿಮಾತು. ಅಷ್ಟರಲ್ಲಿ ಒಂದು ಗಂಟೆ ಮುಗಿದಿರುತ್ತದೆ. ವರ್ಷಗಟ್ಟಲೆ ಕೂತು ಬರೆದ ಕಾದಂಬರಿಯ ಒಂದು ಪುಟವೂ ತೆರೆದಿರುವುದಿಲ್ಲ. ನನಗೆ ಇದು ನಿಜಕ್ಕೂ ನೋವಿನ ವಿಷಯ. ಬರೆದವರು ಎದುರಿಗೇ ಕೂತಿರುವಾಗ ಬರೆದದ್ದರ ಬಗ್ಗೆ ಕೇಳದೆ ಎದ್ದು ಬಂದರೆ ಆ ಅವಕಾಶ ಮತ್ತೆ ಸಿಗುವುದು ಕಷ್ಟ.

ಕಾಲೇಜಿನ ವಾರ್ಷಿಕ ಸಂಚಿಕೆಗೆ ಸಂದರ್ಶನ ಮಾಡುವ ಹುಡುಗರು, ಊರಿನ ಓದುಗರ ಬಳಗದವರು, ಹೊಸದಾಗಿ ಪಾಡ್‌ಕಾಸ್ಟ್ ಶುರು ಮಾಡಿದವರು, ಹೊರದೇಶದ ಕನ್ನಡ ಸಂಘಗಳಲ್ಲಿ ಅತಿಥಿ ಲೇಖಕರ ಜೊತೆ ವೇದಿಕೆಯಲ್ಲಿ ಕೂರಬೇಕಾದವರು, ಇವರೆಲ್ಲ ನನ್ನ ಮನಸ್ಸಿನಲ್ಲಿದ್ದಾರೆ. ಪತ್ರಿಕೋದ್ಯಮ ಓದಿರಬೇಕಾಗಿಲ್ಲ. ಪುಸ್ತಕ ಓದಿರಬೇಕು, ಅಷ್ಟೇ.

ಮೊದಲು: ಯಾರು, ಯಾವ ಪುಸ್ತಕ

ಒಬ್ಬ ಲೇಖಕರು, ಒಂದು ಪುಸ್ತಕ. ಹೆಚ್ಚೆಂದರೆ ಎರಡು. "ಅವರ ಸಮಗ್ರ ಸಾಹಿತ್ಯದ ಬಗ್ಗೆ" ಎಂದು ಹೊರಟರೆ ಎಲ್ಲವನ್ನೂ ಮೇಲೆ ಮೇಲೆ ಮುಟ್ಟಿ ಬರುತ್ತೀರಿ. ಒಂದೇ ಪುಸ್ತಕ ಹಿಡಿದು ಕೂತರೆ ಅದರ ಮೂಲಕವೇ ಅವರ ಬದುಕು, ಓದು, ಸಿಟ್ಟು, ಸೋಲು ಎಲ್ಲ ಹೊರಗೆ ಬರುತ್ತದೆ.

ಹೆಸರಾಂತವರನ್ನೇ ಹುಡುಕಿಕೊಂಡು ಹೋಗಬೇಕಾಗಿಲ್ಲ. ಅವರ ಮಾತು ಈಗಾಗಲೇ ಹತ್ತು ಕಡೆ ದಾಖಲಾಗಿದೆ. ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ‘ಮನೆಯಂಗಳದಲ್ಲಿ ಮಾತುಕತೆ’, ಸಾಹಿತ್ಯ ಅಕಾಡೆಮಿಯ ಲೇಖಕರ ಭೇಟಿ, ಆಕಾಶವಾಣಿ, ಹೆಗ್ಗೋಡಿನ ನೀನಾಸಂ ಶಿಬಿರ, ಧಾರವಾಡದ ಸಾಹಿತ್ಯ ಸಂಭ್ರಮ, ಹೀಗೆ. ನಿಮ್ಮ ತಾಲ್ಲೂಕಿನಲ್ಲೇ ಮೂರು ಕಥಾಸಂಕಲನ ತಂದು ಸುಮ್ಮನಿರುವ ಒಬ್ಬ ನಿವೃತ್ತ ಮೇಷ್ಟ್ರು ಇರಬಹುದು. ಅವರನ್ನು ಯಾರೂ ಕೇಳಿಲ್ಲ. ಅಲ್ಲಿಂದ ಶುರು ಮಾಡಿ. ವಯಸ್ಸಾದವರಾದರೆ ಮುಂದಿನ ವರ್ಷಕ್ಕೆ ಮುಂದೂಡಬೇಡಿ.

ಓದುವುದು

ಇದೇ ಮುಖ್ಯ ಕೆಲಸ. ಪುಸ್ತಕವನ್ನು ಎರಡು ಸಲ ಓದಿ. ಮೊದಲ ಸಲ ಸುಮ್ನೆ ಓದುಗರಾಗಿ, ಪೆನ್ಸಿಲ್ ಇಲ್ಲದೆ. ಎರಡನೇ ಸಲ ಪೆನ್ಸಿಲ್ ಹಿಡಿದು. ಎಲ್ಲಿ ನಿಮ್ಮ ಓದು ನಿಂತಿತು, ಎಲ್ಲಿ ಒಂದು ಪಾತ್ರ ಇದ್ದಕ್ಕಿದ್ದಂತೆ ಮಾಯವಾಯಿತು, ಎಲ್ಲಿ ಭಾಷೆಯ ಧಾಟಿ ಬದಲಾಯಿತು, ಎಲ್ಲಿ ನಿಮಗೆ ಬೇಜಾರಾಯಿತು, ಪುಟದ ಸಂಖ್ಯೆ ಸಮೇತ ಗುರುತು ಹಾಕಿ. ಬೇಜಾರಾದ ಜಾಗವನ್ನೂ ಬಿಡಬೇಡಿ. ಎಷ್ಟೋ ಸಲ ಒಳ್ಳೆಯ ಪ್ರಶ್ನೆ ಅಲ್ಲೇ ಇರುತ್ತದೆ.

ಮುನ್ನುಡಿ, ಬೆನ್ನುಡಿ, ‘ಲೇಖಕರ ಮಾತು’, ಅರ್ಪಣೆ ಎಲ್ಲ ಓದಿ. ಮುದ್ರಣದ ವಿವರ ಇರುವ ಪುಟವನ್ನು ನಾವು ಸಾಮಾನ್ಯವಾಗಿ ದಾಟಿಬಿಡುತ್ತೇವೆ. ಮೊದಲ ಮುದ್ರಣ ಯಾವಾಗ, ಎರಡನೆಯದು ಎಷ್ಟು ವರ್ಷದ ಮೇಲೆ, ನಡುವೆ ಪ್ರಕಾಶಕರು ಬದಲಾದರಾ, ಎಷ್ಟು ಪ್ರತಿ, ಇವೆಲ್ಲ ಅಲ್ಲಿರುತ್ತದೆ. ಮೊದಲ ಮುದ್ರಣಕ್ಕೂ ಎರಡನೆಯದಕ್ಕೂ ಹದಿನೈದು ವರ್ಷದ ಅಂತರ ಇದ್ದರೆ ಆ ಹದಿನೈದು ವರ್ಷ ಏನಾಯಿತು ಎಂದು ಕೇಳಲೇಬೇಕು, ಅಲ್ವಾ?

ಕನ್ನಡದ ಮಟ್ಟಿಗೆ ಇನ್ನೊಂದು ಕೆಲಸ ಇದೆ. ನಮ್ಮಲ್ಲಿ ಕಥೆಗಳು ಮೊದಲು ಬೆಳಕು ಕಾಣುವುದು ಹೆಚ್ಚಾಗಿ ವಾರಪತ್ರಿಕೆ, ಮಾಸಪತ್ರಿಕೆ, ದೀಪಾವಳಿ ಅಥವಾ ಯುಗಾದಿ ವಿಶೇಷಾಂಕಗಳಲ್ಲಿ. ಕಾದಂಬರಿಗಳೂ ಎಷ್ಟೋ ಸಲ ಧಾರಾವಾಹಿಯಾಗಿ ಬಂದಿರುತ್ತವೆ. ಸಾಧ್ಯವಾದರೆ ಆ ಹಳೆಯ ಸಂಚಿಕೆ ಹುಡುಕಿ ಪುಸ್ತಕದ ಪಾಠದ ಪಕ್ಕ ಇಟ್ಟು ನೋಡಿ. ಕೊನೆಯ ಪ್ಯಾರಾ ಹೋಗಿರಬಹುದು, ಒಂದು ಹೆಸರು ಬದಲಾಗಿರಬಹುದು, ಶೀರ್ಷಿಕೆಯೇ ಬೇರೆ ಇರಬಹುದು. "ವಿಶೇಷಾಂಕದಲ್ಲಿ ಅವನು ಊರಿಗೆ ವಾಪಸ್ ಬರುತ್ತಾನೆ, ಪುಸ್ತಕದಲ್ಲಿ ಬರುವುದಿಲ್ಲ. ಯಾಕೆ ತೆಗೆದಿರಿ?" ಎಂದು ಕೇಳಿದ ಗಳಿಗೆಯಲ್ಲಿ ಲೇಖಕರ ಮುಖ ನೋಡಬೇಕು. ಇಷ್ಟು ಓದಿ ಬಂದವರ ಮುಂದೆ ಯಾರೂ ಬಾಯಿಪಾಠದ ಉತ್ತರ ಕೊಡುವುದಿಲ್ಲ. ಹಳೆಯ ಸಂಚಿಕೆಗಳಿಗೆ ಬೆಂಗಳೂರಿನವರಾದರೆ ಚಾಮರಾಜಪೇಟೆಯ ಸಾಹಿತ್ಯ ಪರಿಷತ್ತಿನ ಗ್ರಂಥಾಲಯ, ಕಬ್ಬನ್ ಪಾರ್ಕಿನ ಕೇಂದ್ರ ಗ್ರಂಥಾಲಯ ನೋಡಿ. ಬೇರೆ ಊರಿನವರು ಹತ್ತಿರದ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ವಿಚಾರಿಸಿ. ಮುದ್ರಣದಲ್ಲಿಲ್ಲದ ಎಷ್ಟೋ ಹಳೆಯ ಕನ್ನಡ ಪುಸ್ತಕಗಳ ಸ್ಕ್ಯಾನ್ ಇಂಟರ್ನೆಟ್ ಆರ್ಕೈವ್ (archive.org) ಜಾಲತಾಣದಲ್ಲಿದೆ. ಲೇಖಕರ ಹತ್ತಿರವೇ ಕತ್ತರಿಸಿಟ್ಟ ಹಾಳೆಗಳಿರಬಹುದು, ಅದನ್ನೂ ಕೇಳಿ.

ಅವರ ಹಳೆಯ ಸಂದರ್ಶನಗಳನ್ನೂ ಓದಿ. ಯಾವ ಉತ್ತರ ಮತ್ತೆ ಮತ್ತೆ ಬಂದಿದೆ ಎಂದು ಗೊತ್ತಾಗುತ್ತದೆ. ಅದನ್ನು ಮತ್ತೆ ಕೇಳಬೇಡಿ. ಕಥೆಗಾರ್ತಿ ವೈದೇಹಿಯವರಿಗೆ ಆ ಕಾವ್ಯನಾಮ ಪತ್ರಿಕೆಯ ಮೂಲಕ ಬಂದ ಕಥೆ ಎಷ್ಟೋ ಕಡೆ ಅಚ್ಚಾಗಿದೆ. ಅದನ್ನೇ ಮತ್ತೆ ಹೇಳಿಸಿ ಹತ್ತು ನಿಮಿಷ ಯಾಕೆ ಕಳೆಯಬೇಕು? "ಯಾಕೆ ಬರೆಯುತ್ತೀರಿ" ಎಂಬ ಪ್ರಶ್ನೆಯೂ ಹೀಗೇ. ಎಸ್.ಎಲ್. ಭೈರಪ್ಪನವರದಂತೂ ‘ನಾನೇಕೆ ಬರೆಯುತ್ತೇನೆ’ ಎಂಬ ಇಡೀ ಪುಸ್ತಕವೇ ಇದೆ. ಲೇಖಕರು ಎಲ್ಲಾದರೂ ಬರೆದಿಟ್ಟಿದ್ದರೆ ಅದನ್ನು ಓದಿಕೊಂಡು ಹೋಗಿ, ಅಲ್ಲಿಂದ ಮುಂದಿನ ಪ್ರಶ್ನೆ ಕೇಳಿ.

ಸಂಪರ್ಕಿಸುವುದು

ಫೋನ್ ಮಾಡುವ ಮುಂಚೆ ಒಂದು ಸಂದೇಶ ಕಳಿಸಿ. ಅದರಲ್ಲಿ ನೀವು ಯಾರು, ಯಾವ ಪುಸ್ತಕ, ಎಷ್ಟು ಹೊತ್ತು, ಎಲ್ಲಿ ಪ್ರಕಟವಾಗುತ್ತದೆ, ಧ್ವನಿ ಮಾತ್ರವಾ ವಿಡಿಯೋನಾ, ಇಷ್ಟಿರಲಿ. ಹೀಗೆ:

"ನಮಸ್ಕಾರ ಮೇಡಂ. ನಾನು ನಮ್ಮೂರ ಓದುಗರ ಬಳಗದವಳು. ನಿಮ್ಮ ಹೊಸ ಸಂಕಲನ ಓದಿದೆ. ಅದರಲ್ಲಿ ಕೆರೆ ಒಡೆಯುವ ಕಥೆ ಬಿಟ್ಟು ಮುಂದೆ ಹೋಗಲಾಗಲಿಲ್ಲ. ಆ ಸಂಕಲನದ ಬಗ್ಗೆಯೇ ಒಂದು ಗಂಟೆ ಮಾತಾಡಬಹುದಾ? ಧ್ವನಿ ರೆಕಾರ್ಡ್ ಮಾಡಿ ಬರಹಕ್ಕಿಳಿಸಿ, ನಿಮಗೆ ತೋರಿಸಿದ ಮೇಲೆಯೇ ಪ್ರಕಟಿಸುತ್ತೇವೆ. ನಿಮಗೆ ಅನುಕೂಲವಾದ ದಿನ ತಿಳಿಸಿದರೆ ಮನೆಗೇ ಬರುತ್ತೇನೆ."

ಆ ಒಂದು ಕಥೆಯ ಉಲ್ಲೇಖ ಇದೆಯಲ್ಲ, ಅದು ಬಹಳ ಕೆಲಸ ಮಾಡುತ್ತದೆ. ಓದಿದವರು ಯಾರು, ಓದದವರು ಯಾರು ಎಂದು ಲೇಖಕರಿಗೆ ಒಂದೇ ಸಾಲಿನಲ್ಲಿ ಗೊತ್ತಾಗುತ್ತದೆ.

ಪ್ರಶ್ನೆಗಳನ್ನು ಮುಂಚೆಯೇ ಕಳಿಸಿ ಎಂದು ಕೆಲವರು ಕೇಳುತ್ತಾರೆ. ಪೂರ್ತಿ ಪಟ್ಟಿ ಕಳಿಸಬೇಡಿ, ಅವರು ಉತ್ತರ ಬರೆದುಕೊಂಡು ಬಂದು ಓದಿಬಿಡುತ್ತಾರೆ. ನಾಲ್ಕೈದು ವಿಷಯ ಸೂಚಿಸಿ, ಸಾಕು. ಮಾತಿನಲ್ಲಿ ಸಂಕೋಚ ಇರುವವರು, ಬರೆದೇ ಉತ್ತರಿಸುತ್ತೇನೆ ಎನ್ನುವವರು ಇದ್ದರೆ ಒಪ್ಪಿಕೊಳ್ಳಿ. ಆಗ ಒಂದೇ ಸಲ ಇಪ್ಪತ್ತು ಪ್ರಶ್ನೆ ಕಳಿಸದೆ ಎರಡೆರಡು ಕಳಿಸಿ, ಬಂದ ಉತ್ತರ ನೋಡಿ ಮುಂದಿನದು ಕೇಳಿ.

ಹಣದ ಮಾತೂ ಇಲ್ಲೇ ಆಗಿಬಿಡಲಿ. ವೇದಿಕೆಗೆ ಕರೆಯುತ್ತಿದ್ದರೆ ಪ್ರಯಾಣದ ಖರ್ಚು ಮತ್ತು ಗೌರವಧನ ಎಷ್ಟು ಎಂದು ನೀವೇ ಮೊದಲು ಹೇಳಿ. ಶಾಲು, ಹಾರ, ಹಣ್ಣಿನ ಬುಟ್ಟಿ, ನೆನಪಿನ ಕಾಣಿಕೆಗೆ ಖರ್ಚು ಮಾಡುವ ದುಡ್ಡನ್ನು ಒಂದು ಕವರ್‌ನಲ್ಲಿ ಹಾಕಿ ಕೊಟ್ಟರೆ ಬರಹಗಾರರಿಗೆ ಹೆಚ್ಚು ಉಪಯೋಗ. ಬಂದವರಿಗೆ ಅವರ ಪುಸ್ತಕ ಕೊಂಡುಕೊಳ್ಳುವ ಅವಕಾಶ ಇರಲಿ.

ಪ್ರಶ್ನೆಗಳು

ನನ್ನ ಮಟ್ಟಿಗೆ ಒಂದೇ ನಿಯಮ: ಪ್ರಶ್ನೆ ಪುಟದಿಂದ ಹುಟ್ಟಬೇಕು. "ನಿಮ್ಮ ಪಾತ್ರಗಳು ತುಂಬಾ ನೈಜವಾಗಿವೆ, ಹೇಗೆ?" ಎಂದರೆ ಅವರು ಏನು ಹೇಳಬೇಕು? ಅದರ ಬದಲು, "ಅಜ್ಜಿ ಬಾಗಿಲು ಹಾಕಿಕೊಂಡ ಮೇಲೆ ಎರಡು ಅಧ್ಯಾಯ ಅವಳ ಸುದ್ದಿಯೇ ಇಲ್ಲ. ಅವಳನ್ನು ಅಷ್ಟು ಹೊತ್ತು ಹೊರಗಿಡಬೇಕು ಅಂತ ಮೊದಲೇ ಗೊತ್ತಿತ್ತಾ, ಬರೆಯುತ್ತಾ ಹಾಗಾಯಿತಾ?" ಎಂದು ಕೇಳಿ. ಇದಕ್ಕೆ ಭಾಷಣ ಮಾಡಲಾಗುವುದಿಲ್ಲ. ನೆನಪು ಮಾಡಿಕೊಳ್ಳಲೇಬೇಕು.

ಎರಡನೆಯದು ಕೆಲಸದ ಪ್ರಶ್ನೆಗಳು. ಬರವಣಿಗೆ ಒಂದು ಕೆಲಸ, ಅದಕ್ಕೆ ಹೊತ್ತು, ಜಾಗ, ಸಾಮಾನು ಎಲ್ಲ ಬೇಕು. ನೋಟ್‌ಬುಕ್ಕಾ, ಬಿಡಿ ಹಾಳೆಯಾ, ಮೊಬೈಲಾ? ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡುತ್ತೀರಾ, ಬೇರೆಯವರು ಮಾಡಿಕೊಡುತ್ತಾರಾ? ಕೈಯಲ್ಲಿ ಬರೆಯುತ್ತಿದ್ದವರು ಕಂಪ್ಯೂಟರಿಗೆ ಬಂದ ಮೇಲೆ ವಾಕ್ಯ ಬದಲಾಯಿತಾ? ಮೊದಲು ಯಾರು ಓದುತ್ತಾರೆ? ಹರಿದು ಹಾಕಿದ್ದು ಏನು? ಅರ್ಧಕ್ಕೇ ನಿಂತಿರುವ ಕಾದಂಬರಿ ಇದೆಯಾ? ಕೇಳಲು ಸಣ್ಣ ಪ್ರಶ್ನೆಗಳು, ಆದರೆ ಇವುಗಳಿಗೆ ಬರುವ ಉತ್ತರ ಹೊಸದಾಗಿ ಬರೆಯುವವರಿಗೆ ಯಾವ ಕಿವಿಮಾತಿಗಿಂತ ಜಾಸ್ತಿ ಕಲಿಸುತ್ತದೆ. 1958ರಲ್ಲಿ ‘ಪ್ಯಾರಿಸ್ ರಿವ್ಯೂ’ ಎಂಬ ಇಂಗ್ಲಿಷ್ ಸಾಹಿತ್ಯ ಪತ್ರಿಕೆಯಲ್ಲಿ ಅಮೆರಿಕದ ಕಾದಂಬರಿಕಾರ ಹೆಮಿಂಗ್ವೆಯ ಸಂದರ್ಶನ ಬಂದಾಗ, ಒಂದು ಕಾದಂಬರಿಯ ಕೊನೆಯ ಪುಟವನ್ನು 39 ಸಲ ತಿದ್ದಿ ಬರೆದೆ ಎಂದು ಅವರು ಹೇಳಿದ್ದನ್ನು ಜಗತ್ತು ಇನ್ನೂ ನೆನಪಿಟ್ಟುಕೊಂಡಿದೆ. ತಿದ್ದುವುದರ ಬಗ್ಗೆ ಕೇಳಿದ್ದಕ್ಕೆ ತಾನೇ ಆ ಉತ್ತರ ಬಂದದ್ದು?

ಉದ್ಯೋಗದ ಬಗ್ಗೆ ಕೇಳಿ. ಕನ್ನಡದಲ್ಲಿ ಬರವಣಿಗೆಯಿಂದಲೇ ಸಂಸಾರ ನಡೆಸಿದವರು ಬಹಳ ಕಡಿಮೆ. ಮಾಸ್ತಿ ಸರ್ಕಾರಿ ಅಧಿಕಾರಿ. ಯಶವಂತ ಚಿತ್ತಾಲರು ಮುಂಬಯಿಯಲ್ಲಿ ಪಾಲಿಮರ್ ರಸಾಯನದ ಕೆಲಸ ಮಾಡುತ್ತಾ ಉತ್ತರ ಕನ್ನಡದ ಹನೇಹಳ್ಳಿಯ ಕಥೆಗಳನ್ನು ಬರೆದರು. ಜಯಂತ ಕಾಯ್ಕಿಣಿ ಅದೇ ಮುಂಬಯಿಯಲ್ಲಿ ಬಯೋಕೆಮಿಸ್ಟ್ ಆಗಿದ್ದರು. ವಿವೇಕ ಶಾನಭಾಗ ಎಂಜಿನಿಯರ್, ವಸುಧೇಂದ್ರ ಸಾಫ್ಟ್‌ವೇರ್‌ನಲ್ಲಿದ್ದವರು, ಬಾನು ಮುಷ್ತಾಕ್ ಹಾಸನದಲ್ಲಿ ವಕೀಲರು. ಕೆಲಸದ ಜಾಗ ಬರಹದೊಳಗೆ ಹೇಗೆ ಬಂತು, ಏನನ್ನು ಕಿತ್ತುಕೊಂಡಿತು, ರಜೆ ಹಾಕಿ ಬರೆದದ್ದು ಯಾವುದು ಎಂದು ಕೇಳಿದರೆ ಮಾತು ತಾನಾಗಿ ತೆರೆದುಕೊಳ್ಳುತ್ತದೆ. ರಾಯಧನ (ರಾಯಲ್ಟಿ) ಬರುತ್ತದಾ ಎಂದೂ ಕೇಳಬಹುದು. ಮುಜುಗರ ಎನಿಸಿದರೆ ಅವರೇ ಬೇಡ ಎನ್ನುತ್ತಾರೆ.

ಒಂದು ವಿಷಯ ಸ್ವಲ್ಪ ಬಿಗಿಯಾಗಿಯೇ ಹೇಳುತ್ತೇನೆ. ಲೇಖಕಿಯರಿಗೆ "ಮನೆ, ಮಕ್ಕಳು, ಅಡುಗೆ ನಡುವೆ ಹೇಗೆ ಬರೆಯುತ್ತೀರಿ" ಎಂದು ಕೇಳುವವರು ಅದೇ ಪ್ರಶ್ನೆಯನ್ನು ಗಂಡಸರಿಗೂ ಕೇಳಬೇಕು, ಇಲ್ಲವೇ ಯಾರಿಗೂ ಕೇಳಬಾರದು. ಗಂಡಸರಿಗೆ ಕೇಳಿ ನೋಡಿ, ಮನೆಯಲ್ಲಿ ಯಾರ ದುಡಿಮೆಯ ಮೇಲೆ ಆ ಕಾದಂಬರಿ ನಿಂತಿದೆ ಎಂಬ ನಿಜವಾದ ಉತ್ತರ ಬರಬಹುದು. ಹಾಗೆಯೇ ದಲಿತ ಲೇಖಕರನ್ನು, ಮುಸ್ಲಿಂ ಲೇಖಕಿಯರನ್ನು ಅವರ ಸಮುದಾಯದ ನೋವಿನ ಬಗ್ಗೆ ಮಾತ್ರ ಕೇಳಿ, ಕಸುಬಿನ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳದೆ ಬರುವುದು ದೊಡ್ಡ ಅನ್ಯಾಯ. ದೇವನೂರ ಮಹಾದೇವ ಅವರ ‘ಕುಸುಮಬಾಲೆ’ಯಲ್ಲಿ ನಂಜನಗೂಡು ಸೀಮೆಯ ಮಾತು ಗದ್ಯವೋ ಹಾಡೋ ಎನ್ನುವ ಹಾಗೆ ಹರಿಯುತ್ತದೆ. ಅಂಥ ಪುಸ್ತಕದ ಮುಂದೆ ಕೂತಾಗ ಭಾಷೆಯ ಬಗ್ಗೆ ಕೇಳಲು ಒಂದು ದಿನ ಸಾಲದು.

ಪ್ರಶಸ್ತಿಯ ಬಗ್ಗೆ ಕೇಳಲೇಬೇಕಿದ್ದರೆ ಪುಸ್ತಕದ ಕಡೆಯಿಂದ ಬನ್ನಿ. 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಪಡೆದ ಬಾನು ಮುಷ್ತಾಕ್ ಅವರ ‘ಹಾರ್ಟ್ ಲ್ಯಾಂಪ್’ನಲ್ಲಿ 12 ಕಥೆಗಳಿವೆ, 1990ರಿಂದ 2023ರವರೆಗೆ ಬರೆದವು. ಖುಷಿಯಾಯಿತಾ ಎಂದು ಕೇಳುವ ಬದಲು ಅಷ್ಟು ವರ್ಷಗಳಲ್ಲಿ ಕಥೆ ಹೇಳುವ ರೀತಿ ಎಲ್ಲಿ ತಿರುಗಿತು ಎಂದು ಕೇಳಬಹುದು. ಅನುವಾದಗೊಂಡ ಪುಸ್ತಕವಾದರೆ ಅನುವಾದಕರನ್ನೂ ಜೊತೆಗೆ ಕೂರಿಸಿ. ಆ ಕಥೆಗಳನ್ನು ಆರಿಸಿ ಇಂಗ್ಲಿಷಿಗೆ ತಂದವರು ದೀಪಾ ಭಾಸ್ತಿ. ಅವರಷ್ಟು ಹತ್ತಿರದಿಂದ ಆ ವಾಕ್ಯಗಳನ್ನು ಓದಿದವರು ಇನ್ಯಾರು ಸಿಗುತ್ತಾರೆ?

ಎಲ್ಲ ಸೇರಿ ಹತ್ತು ಹನ್ನೆರಡು ಪ್ರಶ್ನೆ ಬರೆದುಕೊಳ್ಳಿ. ಅರ್ಧದಷ್ಟು ಕೇಳಿದರೆ ಸಾಕಾಗುತ್ತದೆ.

ಆ ದಿನ

ಫೋನಿನ ರೆಕಾರ್ಡರ್ ಸಾಕು, ಆದರೆ ಎರಡು ಫೋನ್ ಇಟ್ಟು ರೆಕಾರ್ಡ್ ಮಾಡಿ. ಎರಡನ್ನೂ ಏರೋಪ್ಲೇನ್ ಮೋಡ್‌ಗೆ ಹಾಕಿ, ನಡುವೆ ಕರೆ ಬಂದರೆ ರೆಕಾರ್ಡಿಂಗ್ ನಿಂತುಹೋಗಬಹುದು. ಜಾಗ ಎಷ್ಟು ಖಾಲಿ ಇದೆ, ಚಾರ್ಜ್ ಎಷ್ಟಿದೆ ನೋಡಿಕೊಳ್ಳಿ. ಕಾಲರ್ ಮೈಕ್ ಇದ್ದರೆ ಇನ್ನೂ ಒಳ್ಳೆಯದು. ಫ್ಯಾನಿನ ಕೆಳಗೆ, ರಸ್ತೆ ಕಡೆಯ ಕಿಟಕಿ ಪಕ್ಕ ಕೂರಬೇಡಿ. ಒಂದು ನಿಮಿಷ ರೆಕಾರ್ಡ್ ಮಾಡಿ ಕೇಳಿ ನೋಡಿ, ಆಮೇಲೆ ಶುರು ಮಾಡಿ. ಶುರುವಿನಲ್ಲೇ ದಿನಾಂಕ, ಊರು, ಇಬ್ಬರ ಹೆಸರು ಹೇಳಿ, "ರೆಕಾರ್ಡ್ ಮಾಡಬಹುದಾ ಸರ್?" ಎಂದು ಕೇಳಿ, ಒಪ್ಪಿಗೆಯೂ ರೆಕಾರ್ಡ್ ಆಗಲಿ.

ಪುಸ್ತಕದ ನಿಮ್ಮದೇ ಪ್ರತಿ, ಗುರುತು ಹಾಕಿದ್ದು, ತೆಗೆದುಕೊಂಡು ಹೋಗಿ. ಕಾಫಿ ಕೊಟ್ಟರೆ ಕುಡಿಯಿರಿ, ಅವಸರ ಬೇಡ. ಆದರೆ ಒಳ್ಳೆಯ ಮಾತೆಲ್ಲ ಕಾಫಿ ಹೊತ್ತಿಗೇ ಆಗಿಹೋಗದ ಹಾಗೆ ನೋಡಿಕೊಳ್ಳಿ. ಮನೆಯವರು, ಶಿಷ್ಯರು ಪಕ್ಕದಲ್ಲಿ ಕೂತು ಅವರ ಪರವಾಗಿ ಉತ್ತರಿಸತೊಡಗಿದರೆ "ನಿಮ್ಮ ಹತ್ತಿರ ಆಮೇಲೆ ಬೇರೆಯಾಗಿ ಮಾತಾಡುತ್ತೇನೆ" ಎಂದು ನಯವಾಗಿ ಹೇಳಿ, ಮತ್ತು ಹಾಗೆಯೇ ಮಾಡಿ. ಬರಹಗಾರರ ಮನೆಯವರು ಹೇಳುವ ಸಂಗತಿಗಳಿಗೆ ಬೇರೆಯದೇ ಬೆಲೆ ಇದೆ.

ಮಾತು ನಡೆಯುವಾಗ

ಮೊದಲ ಪ್ರಶ್ನೆ ಸುಲಭದ್ದಾಗಿರಲಿ, ಆದರೆ ಪುಸ್ತಕದ್ದೇ ಆಗಿರಲಿ. ಮೊದಲ ಹದಿನೈದು ನಿಮಿಷದಲ್ಲಿ ಒಂದು ಪ್ಯಾರಾ ಓದಿಸಿ. ತಮ್ಮ ಸಾಲು ತಾವೇ ಗಟ್ಟಿಯಾಗಿ ಓದುವಾಗ ಲೇಖಕರಿಗೆ ಬರೆದ ಹೊತ್ತು ನೆನಪಾಗುತ್ತದೆ. ಕೆಲವರು ಓದುತ್ತಲೇ ನಿಲ್ಲಿಸಿ, "ಈ ಮಾತು ಈಗಾದರೆ ಬರೆಯುತ್ತಿರಲಿಲ್ಲ" ಎನ್ನುತ್ತಾರೆ. ಅಲ್ಲಿ ನಿಮ್ಮ ಪಟ್ಟಿ ಮಡಿಸಿಡಿ, ಆ ದಾರಿಯಲ್ಲೇ ಹೋಗಿ.

ಅವರು ಸುಮ್ಮನಾದಾಗ ನೀವೂ ಸುಮ್ಮನಿರಿ. ಇದು ಕಷ್ಟ. ಬಾಯಿ ತನ್ನಷ್ಟಕ್ಕೆ ಮುಂದಿನ ಪ್ರಶ್ನೆಗೆ ಹೋಗುತ್ತದೆ. ಐದಾರು ಸೆಕೆಂಡ್ ತಡೆದುಕೊಂಡರೆ ಸಾಕು, ಮೊದಲ ಉತ್ತರದ ಹಿಂದೆ ನಿಂತಿದ್ದ ಎರಡನೇ ಉತ್ತರ ಬರುತ್ತದೆ, ಬಹಳ ಸಲ ಅದೇ ನಿಜವಾದದ್ದು. ನಿಮ್ಮ ಪ್ರಶ್ನೆ ಎರಡು ವಾಕ್ಯ ದಾಟದಿರಲಿ. ನಿಮ್ಮ ಓದಿನ ಆಳ ತೋರಿಸಲು ಮೂರು ನಿಮಿಷದ ಪ್ರಶ್ನೆ ಕೇಳಿದರೆ ಲೇಖಕರು "ಹೌದು, ನೀವು ಹೇಳಿದ್ದು ಸರಿ" ಎಂದು ಮುಗಿಸುತ್ತಾರೆ.

ಉತ್ತರ ಗಾಳಿಯಲ್ಲಿ ತೇಲತೊಡಗಿದಾಗ, ಸಮಾಜ, ಕಾಲ, ಮೌಲ್ಯ ಎಂದೆಲ್ಲ ಹೋದಾಗ, "ಒಂದು ಉದಾಹರಣೆ ಹೇಳ್ತೀರಾ?" ಎಂದು ಕೇಳಿ. "ಅದು ಯಾವ ವರ್ಷ?" "ಆಗ ಎಲ್ಲಿದ್ದಿರಿ?" ಇವೂ ಒಳ್ಳೆಯ ಪ್ರಶ್ನೆಗಳೇ.

ಪುಸ್ತಕದಲ್ಲಿ ನಿಮಗೆ ಒಪ್ಪಿಗೆಯಾಗದ್ದು ಇದ್ದರೆ ಹೇಳಿ. ಗೌರವ ಇದ್ದೇ ಹೇಳಬಹುದು: "ಕೊನೆಯಲ್ಲಿ ಅವಳು ಕ್ಷಮಿಸುವುದು ನನಗೆ ನಂಬಲಾಗಲಿಲ್ಲ ಮೇಡಂ. ನಿಮಗೆ ಅನುಮಾನ ಇರಲಿಲ್ವಾ?" ಬರೀ ಹೊಗಳಿಕೆ ಕೇಳಿ ಕೇಳಿ ಬೇಸತ್ತವರಿಗೆ ಇದು ಮರ್ಯಾದೆಯ ಪ್ರಶ್ನೆ. ಬೇರೆ ಲೇಖಕರ ಬಗ್ಗೆ ಸಿಟ್ಟಿನ ಮಾತು ಬಂದರೆ, ಅದನ್ನು ಹಾಕಬಹುದಾ ಎಂದು ಅಲ್ಲೇ ಕೇಳಿಬಿಡಿ. "ಇದು ನಮ್ಮಿಬ್ಬರಲ್ಲೇ ಇರಲಿ" ಎಂದರೆ ಅದು ಅಲ್ಲೇ ಮುಗಿಯಬೇಕು.

ವೇದಿಕೆಯ ಮಾತುಕತೆಗೆ ಇದೆಲ್ಲ ಅನ್ವಯಿಸುತ್ತದೆ, ಹೊತ್ತು ಮಾತ್ರ ಕಡಿಮೆ. ನಿಮ್ಮ ಪರಿಚಯ ಭಾಷಣ ಎರಡು ನಿಮಿಷ. ಸಭೆಗೆ ಹದಿನೈದು ನಿಮಿಷ ಮೀಸಲಿಡಿ. ಮೈಕ್ ಸಿಕ್ಕಿದ ಕೂಡಲೇ ಭಾಷಣ ಮಾಡುವವರನ್ನು ತಡೆಯುವುದು ನಿಮ್ಮ ಕೆಲಸವೇ.

ಬರಹಕ್ಕಿಳಿಸುವುದು

ಒಂದು ಗಂಟೆಯ ಮಾತು ಬರೆದುಕೊಳ್ಳಲು ನಾಲ್ಕೈದು ಗಂಟೆ ಆಗಿಯೇ ಆಗುತ್ತದೆ. ಗೂಗಲ್ ಡಾಕ್ಸ್‌ನ ವಾಯ್ಸ್ ಟೈಪಿಂಗ್ ಕನ್ನಡ ತಿಳಿಯುತ್ತದೆ, ಬೇರೆ ಆ್ಯಪ್‌ಗಳೂ ಇವೆ. ಮೊದಲ ಕರಡಿಗೆ ಬಳಸಿ, ಆದರೆ ನಂಬಬೇಡಿ. ಆಡುಮಾತು, ಊರಿನ ಹೆಸರು, ಪುಸ್ತಕದ ಹೆಸರು ಬಂದಲ್ಲಿ ಅವು ತಪ್ಪುತ್ತವೆ. ಪೂರ್ತಿ ಧ್ವನಿಯನ್ನು ಮತ್ತೊಮ್ಮೆ ಕೇಳುತ್ತಾ ತಿದ್ದಲೇಬೇಕು.

ಇಲ್ಲಿ ನನ್ನದೊಂದು ಹಟ ಇದೆ. ಅವರ ಮಾತನ್ನು ನಮ್ಮ ಪುಸ್ತಕದ ಕನ್ನಡಕ್ಕೆ ತಿರುಗಿಸಬೇಡಿ. ಧಾರವಾಡದವರು "ಹಂಗಲ್ರೀ, ಅದು ತಾನ ಬಂತು" ಅಂದರೆ ಅದು ಹಾಗೇ ಅಚ್ಚಾಗಲಿ. "ಹಾಗಲ್ಲ, ಅದು ತನ್ನಿಂತಾನೇ ಮೂಡಿಬಂತು" ಎಂದು ಮಾಡಿದರೆ ಅರ್ಥ ಉಳಿಯುತ್ತದೆ, ಆ ಮನುಷ್ಯರು ಹೋಗಿಬಿಡುತ್ತಾರೆ. ಕಲಬುರಗಿ, ಕುಂದಾಪುರ, ಕೊಳ್ಳೇಗಾಲ, ಎಲ್ಲರ ಮಾತಿಗೂ ಇದೇ ಮಾತು. ಪುಸ್ತಕದಲ್ಲಿ ಶಿಷ್ಟ ಕನ್ನಡ ಬರೆಯುವವರು ಮನೆಯಲ್ಲಿ ಬೇರೆ ಕನ್ನಡ ಆಡುತ್ತಾರೆ ಎಂಬುದೇ ಓದುಗರಿಗೆ ಒಂದು ದೊಡ್ಡ ಸಂಗತಿ. ತಡವರಿಕೆ, ಒಂದೇ ಮಾತಿನ ಪುನರಾವರ್ತನೆ ತೆಗೆಯಿರಿ. ಪ್ರಶ್ನೆಗಳ ಕ್ರಮ ಬದಲಿಸಬಹುದು, ಎರಡು ಉತ್ತರ ಒಂದೇ ವಿಷಯಕ್ಕೆ ಸೇರಿದ್ದರೆ ಕೂಡಿಸಬಹುದು. ಅವರು ಆಡದ ಮಾತನ್ನು ಮಾತ್ರ ಒಂದಕ್ಷರವೂ ಸೇರಿಸಬಾರದು.

ವರ್ಷ, ಹೆಸರು, ಯಾರು ಯಾವ ಪತ್ರಿಕೆಯ ಸಂಪಾದಕರಾಗಿದ್ದರು ಎಂಬಂಥ ವಿವರಗಳನ್ನು ಬೇರೆಯಾಗಿ ಪರೀಕ್ಷಿಸಿ. ನೆನಪು ಎಲ್ಲರಿಗೂ ತಪ್ಪುತ್ತದೆ.

ತೋರಿಸಿ, ಪ್ರಕಟಿಸಿ

ಪ್ರಕಟಣೆಗೆ ಮುಂಚೆ ಲೇಖಕರಿಗೆ ತೋರಿಸಬೇಕಾ? ರಾಜಕಾರಣಿಗಳ ಸಂದರ್ಶನದಲ್ಲಿ ತೋರಿಸಬಾರದು ಎನ್ನುತ್ತಾರೆ, ಸರಿಯೇ. ಲೇಖಕರ ವಿಷಯದಲ್ಲಿ ನಾನು ತೋರಿಸಬೇಕು ಎನ್ನುವವರ ಕಡೆ. 1953ರಿಂದ ಲೇಖಕರ ಸಂದರ್ಶನ ಪ್ರಕಟಿಸುತ್ತಾ ಬಂದ ‘ಪ್ಯಾರಿಸ್ ರಿವ್ಯೂ’ ಕೂಡ ಬರಹಕ್ಕಿಳಿಸಿದ್ದನ್ನು ಲೇಖಕರಿಗೆ ಕೊಟ್ಟು ತಿದ್ದಿಸುತ್ತದೆ. ನಾವು ಅವರನ್ನು ಸಿಕ್ಕಿಹಾಕಿಸಲು ಹೋದವರಲ್ಲವಲ್ಲ. ಆದರೆ ಗಡಿ ಮೊದಲೇ ಹೇಳಿ: ತಪ್ಪು ತಿದ್ದಬಹುದು, ಅಸ್ಪಷ್ಟವಾದದ್ದನ್ನು ಬಿಡಿಸಬಹುದು, ಹತ್ತು ದಿನದೊಳಗೆ ವಾಪಸ್ ಕೊಡಬೇಕು. ಆಡುಮಾತನ್ನೆಲ್ಲ ಶಿಷ್ಟ ಭಾಷೆಗೆ ತಿದ್ದಿ ಕಳಿಸಿದರೆ ಫೋನ್ ಮಾಡಿ ಮಾತಾಡಿ, ಯಾಕೆ ಹಾಗೇ ಇರಬೇಕು ಎಂದು ವಿವರಿಸಿ. ಬಹಳಷ್ಟು ಜನ ಒಪ್ಪುತ್ತಾರೆ. ಒಪ್ಪದಿದ್ದರೆ ಅವರ ಮಾತೇ ನಡೆಯಲಿ, ಹೆಸರು ಅವರದ್ದು.

ಶೀರ್ಷಿಕೆಗೆ ಅತಿ ಗಟ್ಟಿಯಾಗಿ ಕೂಗುವ ಸಾಲು ಆರಿಸಬೇಡಿ. ಎರಡು ಗಂಟೆ ಕಥೆ ಕಟ್ಟುವುದರ ಬಗ್ಗೆ ಮಾತಾಡಿ, ನಡುವೆ ಒಂದು ಸಲ ಯಾರನ್ನೋ ಬೈದಿದ್ದನ್ನೇ ಮೇಲೆ ಹಾಕಿದರೆ ಆ ಲೇಖಕರು ಇನ್ಯಾರಿಗೂ ಮನಸ್ಸು ಬಿಚ್ಚಿ ಮಾತಾಡುವುದಿಲ್ಲ. ಕೊನೆಯಲ್ಲಿ ಪುಸ್ತಕದ ಹೆಸರು, ಪ್ರಕಾಶಕರು, ವರ್ಷ, ಬೆಲೆ, ಎಲ್ಲಿ ಸಿಗುತ್ತದೆ ಎಂಬುದನ್ನು ತಪ್ಪದೆ ಹಾಕಿ. ಕನ್ನಡ ಪುಸ್ತಕ ಎಲ್ಲಿ ಕೊಳ್ಳಬೇಕು ಎಂದು ಗೊತ್ತಾಗದೆಯೇ ಎಷ್ಟೋ ಓದುಗರು ಕೈಬಿಡುತ್ತಾರೆ.

ಧ್ವನಿಯನ್ನು ಇಟ್ಟುಕೊಳ್ಳುವುದು

ಬರಹ ಪ್ರಕಟವಾದ ಮೇಲೆ ರೆಕಾರ್ಡಿಂಗ್ ಅಳಿಸಬೇಡಿ. ಕಡತಕ್ಕೆ ಲೇಖಕರ ಹೆಸರು, ಊರು, ದಿನಾಂಕ ಹಾಕಿ, ಕಂಪ್ಯೂಟರ್, ಹಾರ್ಡ್ ಡಿಸ್ಕ್, ಆನ್‌ಲೈನ್ ಹೀಗೆ ಮೂರು ಕಡೆ ಇಡಿ. ವಾಟ್ಸಾಪ್‌ನಲ್ಲಿ ಕಳಿಸಿಕೊಂಡಿದ್ದೇನೆ ಎಂದು ನೆಚ್ಚಿಕೊಳ್ಳಬೇಡಿ, ಫೋನ್ ಬದಲಾದರೆ ಹೋಗಿಬಿಡಬಹುದು. ಒಂದು ಪ್ರತಿ ಲೇಖಕರ ಮನೆಯವರಿಗೆ ಕೊಡಿ. ಅಕ್ಷರರೂಪಕ್ಕೆ ಕೊಟ್ಟ ಒಪ್ಪಿಗೆ ಧ್ವನಿಗೆ ಅನ್ವಯಿಸುವುದಿಲ್ಲ, ಅದಕ್ಕೆ ಬೇರೆಯಾಗಿ ಕೇಳಿ, ಎರಡು ಸಾಲು ಬರೆಸಿ ಸಹಿ ಹಾಕಿಸಿಕೊಳ್ಳಿ. ಒಪ್ಪಿದರೆ ಪೂರ್ತಿ ಧ್ವನಿಯನ್ನು ಇಂಟರ್ನೆಟ್ ಆರ್ಕೈವ್‌ಗೆ ಏರಿಸಿ, ಹತ್ತಿರದ ಕಾಲೇಜಿನ ಕನ್ನಡ ವಿಭಾಗಕ್ಕೂ ಒಂದು ಪ್ರತಿ ತಲುಪಿಸಿ. ಆ ಲೇಖಕರ ಮೇಲೆ ಪಿಎಚ್‌ಡಿ ಮಾಡುವ ಹುಡುಗಿಗೆ ನೀವು ಕತ್ತರಿಸಿ ಬಿಟ್ಟ ಭಾಗವೇ ಬೇಕಾಗಬಹುದು.